ಬೆಲ್ ಹೊಡೆದರೆ ಮೇಜಿನಡಿ, ಬಯಲಿಗೆ ಬಿಟ್ಟರೆ ಡಿಕ್ಕಿ: ಹಟವಾ, ಸೆನ್ಸರಿ ತೊಂದರೆಯಾ?

ಒಂದನೇಬೆಂಚು
ನಾನು ಪಾಠ ಮಾಡುವ ಒಂದನೇ ಕ್ಲಾಸಿನ ಹುಡುಗ, ಆರೂವರೆ ವರ್ಷ. ಬೆಲ್ ಹೊಡೆದ ಕೂಡಲೇ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರುತ್ತಾನೆ. ಪ್ರಾರ್ಥನೆ ಸಾಲಿನಲ್ಲಿ ಹಿಂದಿನವರ ಕೈ ತಾಗಿದರೆ ತಿರುಗಿ ಹೊಡೆಯುತ್ತಾನೆ. ಅದೇ ಹುಡುಗ ಬಯಲಿನಲ್ಲಿ ಗೋಡೆಗೆ, ಮಕ್ಕಳಿಗೆ ಬೇಕಂತಲೇ ಡಿಕ್ಕಿ ಹೊಡೆಯುತ್ತಾನೆ, ಗಂಟಲು ಹರಿಯುವ ಹಾಗೆ ಕಿರುಚುತ್ತಾನೆ. ಎಣ್ಣೆಸ್ನಾನ, ಉಗುರು ತೆಗೆಯುವುದು ಅಂದರೆ ಮನೆಯಲ್ಲಿ ರಂಪ. "ತಾನು ಕಿರುಚಬಹುದು, ಬೆಲ್ ಮಾತ್ರ ಆಗಲ್ವಂತೆ, ನಾಟಕ" ಅನ್ನುತ್ತಾರೆ ಮನೆಯವರು. ಎಲ್ಲಿಂದ ಶುರು ಮಾಡಬೇಕು? ತೂಕದ ಜಾಕೆಟ್ ಹಾಕಿಸಿ ಅಂತಲೂ ಸಲಹೆ ಬಂದಿದೆ.

ಹೊಂಗೆನೆರಳು · ಆಕ್ಯುಪೇಷನಲ್ ಥೆರಪಿ
ನಾಟಕ ಅಲ್ಲ. ತಾನು ಕಿರುಚುವಾಗ ಸದ್ದು ಬರುತ್ತೆ ಅಂತ ಮಿದುಳಿಗೆ ಮೊದಲೇ ಗೊತ್ತಿರುತ್ತೆ, ಅದರ ಪೆಟ್ಟನ್ನು ತಗ್ಗಿಸಿಕೊಂಡಿರುತ್ತೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರದಿರುವುದೂ ಇದಕ್ಕೇ. ಬೆಲ್ ಹೇಳಿಕೇಳಿ ಬರಲ್ಲ.

ಸೆನ್ಸರಿ ತೊಂದರೆ ಅಂದರೆ ಸದ್ದು, ಸ್ಪರ್ಶದಂಥವು ಮಿದುಳಿಗೆ ಅತಿಯಾಗಿಯೋ ಕಮ್ಮಿಯಾಗಿಯೋ ಮುಟ್ಟುವುದು. ಒಂದೇ ಮಗುವಿಗೆ ಒಂದು ಇಂದ್ರಿಯ ಅತಿ ಚುರುಕು, ಇನ್ನೊಂದು ಮಂದ ಇರುವುದು ಮಾಮೂಲು. ಬೆನ್ನ ಹಿಂದಿನಿಂದ ಹಗುರವಾಗಿ ತಾಗಿದ್ದು ಅಪಾಯದ ಹಾಗೆ ಅನಿಸುತ್ತೆ, ಕೈ ಎದ್ದುಬಿಡುತ್ತೆ. ಸ್ನಾಯು-ಕೀಲುಗಳ ಮೇಲೆ ಬೀಳುವ ಗಟ್ಟಿ ಒತ್ತಡ ಮಾತ್ರ ಎಷ್ಟೋ ಮಕ್ಕಳನ್ನು ತಣ್ಣಗಾಗಿಸುತ್ತೆ. ಗೋಡೆಗೆ ಗುದ್ದಿ ಅವನು ಹುಡುಕುತ್ತಿರುವುದು ಬಹುಶಃ ಅದನ್ನೇ. ಗುದ್ದುವ ಮುಂಚೆಯೇ ಕೊಡಿ. ಪ್ರಾರ್ಥನೆಗೆ ಮೊದಲು 5–10 ನಿಮಿಷ ಭಾರದ ಕೆಲಸ: ನೋಟ್‌ಬುಕ್ ಕಟ್ಟು ಹೊರುವುದು, ಬೆಂಚು ತಳ್ಳುವುದು, ಗೋಡೆಗೆ ಅಂಗೈ ಊರಿ ಹತ್ತು ಸಲ ಒತ್ತುವುದು. ಮನೆಯಲ್ಲಿ ಚಪಾತಿ ಹಿಟ್ಟು ನಾದಲಿ. ಗಿರಗಿರ ತಿರುಗಿಸುವ ಆಟ ಪಾಠಕ್ಕೆ ಮುಂಚೆ ಬೇಡ. ಕೆಲವು ಮಕ್ಕಳಲ್ಲಿ ಅದರ ಅಮಲು ತಡವಾಗಿ ಏರುತ್ತೆ, ಬಹಳ ಹೊತ್ತು ಇಳಿಯಲ್ಲ.

ಸಾಲಿನಲ್ಲಿ ಕಟ್ಟಕಡೆಗೆ ನಿಲ್ಲಿಸಿ, ಹಿಂದೆ ಯಾರೂ ಇರಬಾರದು. ಉಗುರು ಸ್ನಾನವಾದ ಮೇಲೆ, ಮೆತ್ತಗಿದ್ದಾಗ: ಒಂದೊಂದೇ ಬೆರಳ ತುದಿ ಗಟ್ಟಿಯಾಗಿ ಹಿಚುಕಿ, ಆಮೇಲೆ ಕತ್ತರಿ, ದಿನಕ್ಕೆ ಒಂದೇ ಕೈ. ಎಣ್ಣೆ ತೊಟ್ಟು ತೊಟ್ಟಾಗಿ ಬಿಡಬೇಡಿ. ನಿಮ್ಮ ಅಂಗೈಗೆ ಹಚ್ಚಿಕೊಂಡು ಅದುಮಿ ತಿಕ್ಕಿ. ತಲೆ ಹಿಂದಕ್ಕೆ ವಾಲಿಸಿ ನೀರು ಹಾಕುವುದೇ ಅರ್ಧ ಭಯ. ಮುಂದಕ್ಕೆ ಬಗ್ಗಿಸಿ, ಕಣ್ಣಿಗೆ ಟವೆಲ್ ಹಿಡಿಸಿ, "ಐದು ಚೊಂಬು" ಅಂತ ಹೇಳಿ ಎಣಿಸಿ. ಆರನೆಯದು ಹಾಕಿದರೆ ಮುಂದಿನ ವಾರ ನಿಮ್ಮನ್ನು ನಂಬಲ್ಲ.

ತಿಳಿನೀರು · ಮಕ್ಕಳ ಮನಶ್ಶಾಸ್ತ್ರ
ಮೇಲಿನದಕ್ಕೆ ಒಪ್ಪಿಗೆ, ಆದರೆ ಎಲ್ಲವನ್ನೂ ಸೆನ್ಸರಿ ಬುಟ್ಟಿಗೆ ತುಂಬಬೇಡಿ. ಮೊದಲು ಕಿವಿ ತೋರಿಸಿ: ಗುಗ್ಗೆ, ನಡುಗಿವಿಯಲ್ಲಿ ನೀರು, ಶ್ರವಣ ಪರೀಕ್ಷೆ. ಹಲ್ಲುನೋವು, ಮಲಬದ್ಧತೆ, ನಿದ್ದೆಗೇಡು ಕೂಡ ಮಗುವನ್ನು ಹೀಗೇ ಸಿಡುಕನನ್ನಾಗಿ ಮಾಡುತ್ತವೆ.

ಆಮೇಲೆ ಎರಡು ವಾರ ಒಂದು ಪುಸ್ತಕ ಇಡಿ. ಎಷ್ಟು ಗಂಟೆಗೆ, ಹಿಂದಿನ ಅರ್ಧ ಗಂಟೆಯಲ್ಲಿ ಏನೇನಾಯ್ತು, ಏನು ಮಾಡಿದ, ತಣ್ಣಗಾಗಲು ಎಷ್ಟು ನಿಮಿಷ, ಕೊನೆಗೆ ಅವನಿಗೆ ಏನು ಸಿಕ್ಕಿತು. ಕೇಳಿದ್ದು ಸಿಕ್ಕ ಕ್ಷಣ ನಿಂತರೆ ಬಹುಪಾಲು ಹಟ. ಸಿಕ್ಕ ಮೇಲೂ ನಿಲ್ಲದಿದ್ದರೆ ಅದು ಹಟವಲ್ಲ, ತಡೆಯಲಾಗದೆ ಉಕ್ಕಿ ಹರಿದದ್ದು. ಕಡೆಯ ಕಾಲಮ್ಮೇ ಮುಖ್ಯ, ಜನ ಅದನ್ನೇ ಖಾಲಿ ಬಿಡುತ್ತಾರೆ. ಮೇಜಿನಡಿ ಸೇರಿದ ದಿನವೆಲ್ಲ ಬರೆಯುವ ಕೆಲಸ ತಪ್ಪುತ್ತಿದ್ದರೆ, ಭಯದಿಂದ ಶುರುವಾದದ್ದು ತಿಂಗಳಲ್ಲಿ ಉಪಾಯವಾಗುತ್ತೆ. ಆದ್ದರಿಂದ ಸಿಡಿಯುವ ಮುಂಚೆ 3 ನಿಮಿಷ ಬಿಡುವು, ವಾಪಸ್ ಬಂದು ಅದೇ ಕೆಲಸ, ಬೇಕಾದರೆ ಅರ್ಧ.

ಕಿವಿ ಮುಚ್ಚುವ ಹೆಡ್‌ಫೋನ್ ಬೆಲ್ ಮತ್ತು ಪ್ರಾರ್ಥನೆಗೆ ಮಾತ್ರ. ದಿನವಿಡೀ ಹಾಕಿದರೆ ಸಾಧಾರಣ ಸದ್ದೂ ದೊಡ್ಡದಾಗಿ ಕೇಳತೊಡಗುತ್ತೆ. ಜೊತೆಗೆ ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ವಾಲ್ಯೂಮ್ ಬಟನ್ ಅವನ ಕೈಗೇ ಕೊಡಿ. ತೀರಾ ಸಣ್ಣಗೆ, ದಿನಕ್ಕೆ ಒಂದು ನಿಮಿಷ. ಎರಡು ದಿನ ಆರಾಮಾಗಿದ್ದರೆ ಒಂದು ಹಂತ ಮೇಲೆ. ಬೆಲ್‌ಗಿಂತ ಅದಕ್ಕೆ ಕಾಯುವ ಆತಂಕವೇ ಹೆಚ್ಚು ಹೊತ್ತು ತಿನ್ನುತ್ತೆ.

ಜಾಕೆಟ್‌ಗೆ ಆಧಾರ ದುರ್ಬಲ. ಅದೇ ಬಗೆಯ ತೂಕದ ಹೊದಿಕೆಯನ್ನು ಆಟಿಸಂ ಇರುವ ಮಕ್ಕಳಿಗೆ ಕೊಟ್ಟು ಬ್ರಿಟನ್ನಿನಲ್ಲಿ ನೋಡಿದ ಅಧ್ಯಯನ 2014ರಲ್ಲಿ ಬಂತು. ಮಕ್ಕಳಿಗೂ ಹೆತ್ತವರಿಗೂ ಹೊದಿಕೆ ಇಷ್ಟವಾಯ್ತು, ನಿದ್ದೆ ಮಾತ್ರ ಹೆಚ್ಚಲಿಲ್ಲ. ಏನೇ ತೊಡಿಸಿದರೂ ಅವನೇ ಬಿಚ್ಚುವಂತಿರಲಿ.

ಇನ್ನೊಂದು: ಅಮೆರಿಕದ ಮನೋವೈದ್ಯರ ಕಾಯಿಲೆಪಟ್ಟಿ ಡಿಎಸ್ಎಂ-5ರಲ್ಲಿ (2013) ಸೆನ್ಸರಿ ತೊಂದರೆ ಅಂತ ಪ್ರತ್ಯೇಕ ಕಾಯಿಲೆಯೇ ಇಲ್ಲ, ಆಟಿಸಂನ ಲಕ್ಷಣಗಳಲ್ಲಿ ಅದು ಸೇರಿದೆ. ಹಾಗಾಗಿ ಆ ಹೆಸರಿನ ಚೀಟಿ ಸಿಕ್ಕಿತು ಅಂತ ನಿಲ್ಲದೆ ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ), ಆತಂಕ ಮೂರನ್ನೂ ತಪಾಸಣೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆ ತೊಂದರೆ ನೋಡುವ ಕೇಂದ್ರ) ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಶ್ರವಣ ಪರೀಕ್ಷೆಗೆ ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್ ಇದೆ.

ಒಂದನೇಬೆಂಚು
ಶಾಲೆಯಲ್ಲಿ ಚೆನ್ನಾಗಿದ್ದ ದಿನವೇ ಮನೆಗೆ ಹೋಗಿ ಜೋರು ರಂಪ ಮಾಡುತ್ತಾನಂತೆ. ಅದು?

ಕಡ್ಡಿಪೆಟ್ಟಿಗೆ · ವಿಶೇಷ ಶಿಕ್ಷಣ
ಬೆಳಗಿನಿಂದ ಅದುಮಿಟ್ಟದ್ದು. ಸಂಜೆ ಕಾಲುಚೀಲದ ಹೊಲಿಗೆ ಚುಚ್ಚಿದ್ದು ನೆಪ ಅಷ್ಟೇ. ಬಂದ ಕೂಡಲೇ "ಏನ್ ಹೇಳಿಕೊಟ್ರು?" ಬೇಡ. ಮೊದಲ 20 ನಿಮಿಷ ಯೂನಿಫಾರ್ಮ್ ಬಿಚ್ಚಿ, ಟಿವಿ ಆರಿಸಿ, ಚಕ್ಕುಲಿ ಅಥವಾ ಹುರಿಗಡಲೆ ಕೊಡಿ. ಕಟುಂ ಅನ್ನುವುದನ್ನು ಜಗಿಯುವುದೂ ದವಡೆಗೆ ಭಾರದ ಕೆಲಸವೇ. ರಂಪ ಶುರುವಾಗಿಬಿಟ್ಟಿದ್ದರೆ ಬುದ್ಧಿ ಹೇಳಬೇಡಿ, ಬೆನ್ನು ಸವರಬೇಡಿ, ಎರಡು ಮೊಳ ದೂರ ಕೂತಿರಿ.

ಬೆಲ್ ಅಂದರೆ ತೂಗುಹಾಕಿದ ಕಬ್ಬಿಣದ ತುಂಡಾದರೆ, ಬಡಿಯುವ ಸಲಾಕೆಯ ತುದಿಗೆ ಹಳೇ ಸೈಕಲ್ ಟ್ಯೂಬ್ ಎರಡು ಸುತ್ತು ಬಿಗಿದು ಕಟ್ಟಿ. ಸದ್ದಿನ ಮೊನಚು ಹೋಗುತ್ತೆ, ಬಯಲಿನ ಆಚೆಗೂ ಕೇಳಿಸುತ್ತೆ. ಊಟದ ಬೆಲ್ ಒಂದನ್ನು ದಿನವೂ ಅವನೇ ಹೊಡೆಯಲಿ.