ಅಪ್ಪ ಅವ್ವ ಬಿಸಿನೆಸ್ ಕ್ಲಾಸ್‌ನಾಗ ಹೊಂಟಾರ, ಊಟಕ್ಕ ಯಾವ ಆಪ್ಷನ್ ಒತ್ತಲಿ?

ತೊಗರಿ_ಕಣಜ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ ತಮ್ಮ ಡಲ್ಲಾಸ್‌ನಾಗ ಹಾನ, ಅವನ ಹೆಂಡ್ತಿದ್ ಹೆರಿಗಿ ಅದ ಅಂತ ಅಪ್ಪ ಅವ್ವಗ ಕರಿಸ್ಕೊಳ್ಳಾಕತ್ಯಾನ, ಕಾರ್ಡಿನ ಪಾಯಿಂಟ್ಸ್ ಎಲ್ಲಾ ಕೂಡಿಸಿ ಬಿಸಿನೆಸ್ ಕ್ಲಾಸ್ ಟಿಕೆಟ್ ತಗಿಸ್ಯಾನ, ಹೈದರಾಬಾದ್ ದೋಹಾ ಡಲ್ಲಾಸ್. ನಮ್ ಮನ್ಯಾಗ ಯಾರೂ ಆ ಪರದಿ ಹಿಂದ ಕುಂತೋರಲ್ಲ. ಅಪ್ಪಗ 68, ಸುಗರ್ ಅದ, ಗುಳಿಗಿ ಮ್ಯಾಲ ಹಾರ, ಇನ್ಸುಲಿನ್ ಇಲ್ಲ. ಇಬ್ರೂ ಪಕ್ಕಾ ಲಿಂಗಾಯತ ಊಟ, ತತ್ತಿ ಮುಟ್ಟಿದ ಚಮಚಾನೂ ಬ್ಯಾಡ ಅನ್ನೋರು. ಈಗ ವೆಬ್‌ಸೈಟ್‌ನಾಗ ಸ್ಪೆಷಲ್ ಮೀಲ್ ಅಂತ ಒಂದ್ ಲಿಸ್ಟ್ ಬಂದದ, ಹಿಂದೂ ಮೀಲ್, ಏಷಿಯನ್ ವೆಜ್, ಜೈನ್, ವೀಗನ್, ಡಯಾಬೆಟಿಕ್, ಲೋ ಸಾಲ್ಟ್, ನೋಡಿದ್ರ ತಲಿ ತಿರಗ್ತದ. ನಾ ಹಿಂದೂ ಮೀಲ್ ಒತ್ತಬೇಕಂತ ಮಾಡಿದ್ದೆ, ಹೆಂಡ್ತಿ ತಡಿ ಕೇಳು ಅಂದ್ಳು. ಇಲ್ಲಾ ಏನೂ ಒತ್ತದ ಬಿಟ್ಟು ಅಲ್ಲೇ ಮೆನು ನೋಡಿ ಹೇಳೋದ್ ಛಲೋನಾ? ಅಪ್ಪಂದು ಒಂದೇ ಮಾತು, "ನಂಗ ರೊಟ್ಟಿ ಕಟ್ಟಿ ಕೊಡ್ರಿ, ಅವರ ಊಟ ಅವರೇ ಉಣ್ಲಿ". ಬಿಸಿನೆಸ್ ಕ್ಲಾಸ್‌ನಾಗ ಗಂಟ ಬಿಚ್ಚಿ ರೊಟ್ಟಿ ಮುರದ್ರ ಯಾರರ ಏನರ ಅಂತಾರೇನ್ರಿ?

---

ಹುಮನಾಬಾದ್_ನಾಕಾ

ನಿಮ್ ಹೆಂಡ್ತಿಗ ಮೊದಲ ಒಂದ್ ಸೀರಿ ಕೊಡ್ಸ್ರಿ 😄 ಹಿಂದೂ ಮೀಲ್ ಅಂದ್ರ ವೆಜ್ ಅಲ್ರೀ ಅಣ್ಣಾ!! ದನದ್ದು ಹಂದಿದ್ದು ಇರಂಗಿಲ್ಲ ಅಷ್ಟೇ, ಕೋಳಿ ಕುರಿ ಮೀನ ತತ್ತಿ ಎಲ್ಲಾ ಬರ್ತದ. ನಮ್ ಅತ್ತಿ ಹೋಗೋ ಮುಂದ ನಾನೇ ಭಾಳ ಶಾಣ್ಯಾನಂಗ ಹಿಂದೂ ಮೀಲ್ ಹಾಕಿದ್ದೆ (ಯಾವ ಕಂಪನಿ ಅಂತ ಹೇಳಂಗಿಲ್ಲ, ತಪ್ಪ ನಂದೇ), ಮುಚ್ಚಳ ತಗದ್ರ ಕೋಳಿ ಸಾರು. ಅವರು ಆರ್ ತಾಸು ಬರೇ ಬಾಳಿಹಣ್ಣಿನ ಮ್ಯಾಲ ಹೋದ್ರು, ಇವತ್ತಿಗೂ ಮದ್ವಿ ಮುಂಜಿವಿ ಎಲ್ಲಿ ಸಿಕ್ರೂ ಅದ್ನೇ ಹೇಳ್ತಾರ.

ನಿಮಗ ಬೇಕಾದ್ದು ಏಷಿಯನ್ ವೆಜ್, ಕೋಡ್ ಎವಿಎಂಎಲ್ ಅಂತ ಇರ್ತದ, ಕೆಲವ್ರು ಅದಕ್ಕ ಇಂಡಿಯನ್ ವೆಜ್ ಇಲ್ಲಾ ವೆಜಿಟೇರಿಯನ್ ಹಿಂದೂ ಅಂತನೂ ಬರೀತಾರ. ಮಾಂಸ ಮೀನ ತತ್ತಿ ಇರಂಗಿಲ್ಲ, ಹಾಲು ಮೊಸರು ಪನೀರ್ ಇರ್ತದ, ಮಸಾಲಿ ನಮ್ ಕಡಿದು. ಬರೇ ವೆಜಿಟೇರಿಯನ್ ಅಂತ ಒತ್ತಬ್ಯಾಡ್ರಿ, ಲ್ಯಾಕ್ಟೋ ಓವೋ ಅಂತಿದ್ರ ಅದ್ರಾಗ ತತ್ತಿ ಬರ್ತದ. ವೀಗನ್ ಹಾಕಿದ್ರ ಮೊಸರೂ ಇಲ್ಲ ತುಪ್ಪಾನೂ ಇಲ್ಲ, ಅಪ್ಪ ನಿಮ್ಮನ್ನ ಮನಿ ಬಿಟ್ಟ್ ಹೊರಗ ಹಾಕ್ತಾರ. ಜೈನ್ ಹಾಕಿದ್ರ ಉಳ್ಳಾಗಡ್ಡಿ ಬಳ್ಳೊಳ್ಳಿ ಆಲೂಗಡ್ಡಿ ಎಲ್ಲಾ ಬಂದ್.

ಒಂದ್ ಸೆಕ್ಟರಿಗೆ ಹಾಕಿದ್ರ ಎಲ್ಲಾದಕ್ಕೂ ಬಂತು ಅನ್ಕೋಬ್ಯಾಡ್ರಿ, ಹೈದರಾಬಾದ್ ದೋಹಾ ಬ್ಯಾರೆ ನೋಡ್ರಿ, ದೋಹಾ ಡಲ್ಲಾಸ್ ಬ್ಯಾರೆ ನೋಡ್ರಿ, ವಾಪಸ್ ಬರೋದೂ ನೋಡ್ರಿ. ಸಾಮಾನ್ಯ 24 ತಾಸು ಮೊದಲೇ ಹಾಕ್ಬೇಕು.

---

ಗಿಲ್ಲಿ_ದಾಂಡು (ಯಾದಗಿರಿ)

ನಾ ಒಂದೇ ಸಲ ಹೋಗೀನಿ, ಅದೂ ಎಕಾನಮಿ ತುಂಬಿ ತುಳಕ್ತು ಅಂತ ಅವರೇ ಎತ್ತಿ ಮುಂದ ಕೂಡ್ಸಿದ್ರು. ನಾ ಹೇಳೋದಿಷ್ಟೇ, ಮೊದಲ ಬಂದ ಬ್ರೆಡ್ ತಿನ್ನಬ್ಯಾಡ್ರಿ. ಬಿಸಿ ಬಿಸಿ ಬ್ರೆಡ್ ಬೆಣ್ಣಿ ತಂದಿಟ್ರು, ಇದೇ ಊಟ ಅಂತ ತಿಳ್ಕೊಂಡು ನಾಕ್ ತಿಂದೆ, ಆಮ್ಯಾಲ ಸೂಪ್ ಬಂತು, ಸಲಾಡ್ ಬಂತು, ಖರೇ ಊಟ ಬರೋ ಹೊತ್ತಿಗೆ ಹೊಟ್ಟಿ ಟಮ್ಮ್ ಅಂತಿತ್ತು. ನಮ್ಮಲ್ಲಿ ಎಲ್ಲಾ ಒಂದೇ ತಾಟಿಗೆ ಹಾಕಿ ಮುಗಿಸ್ತಾರಲ್ಲ, ಅಲ್ಲಿ ಒಂದೊಂದೇ ತರ್ತಾರ, ತಾಸ್ ಹಿಡಿತದ. ಹಿರಿಯಾರಿಗೆ ಮೊದ್ಲೇ ಹೇಳಿ ಕಳಸ್ರಿ, ಅವಸರ ಮಾಡಬ್ಯಾಡ್ರಿ, ಇನ್ನೂ ಬರೋದದ ಅಂತ.

---

ಶಂಶಾಬಾದ್_ಶಿಫ್ಟ್ (ಬೀದರ್)

ನಾನು ಹೈದರಾಬಾದಿನಲ್ಲಿ ಒಂದು ಫ್ಲೈಟ್ ಕಿಚನ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೀನಿ, ಒಳಗಿನ ಸಂಗತಿ ಸ್ವಲ್ಪ ಹೇಳ್ತೀನಿ. ಬಿಸಿನೆಸ್ ಇರ್ಲಿ ಎಕಾನಮಿ ಇರ್ಲಿ, ಅಡಿಗಿ ಆಗೋದು ನೆಲದ ಮೇಲೇ. ಬೇಯಿಸಿ ಕೂಡಲೇ ಚಿಲ್ ಮಾಡ್ತಾರೆ, ತಣ್ಣಗೇ ವಿಮಾನಕ್ಕೆ ಹೋಗ್ತದೆ, ಮೇಲೆ ಓವನ್‌ನಲ್ಲಿ ಬಿಸಿಗಾಳಿಯಿಂದ ಮತ್ತೆ ಕಾಯಿಸ್ತಾರೆ. ಬಿಸಿನೆಸ್‌ನಲ್ಲಿ ಸಾಮಾನು ಚಲೋದು, ಪಿಂಗಾಣಿ ತಟ್ಟೆಗೆ ಸಿಬ್ಬಂದಿ ನೀಟಾಗಿ ಬಡಿಸ್ತಾರೆ, ಆದರೆ ಅಲ್ಲಿ ಯಾರೂ ಒಗ್ಗರಣೆ ಹಾಕಲ್ಲ. ಅದಕ್ಕೇ ಕರಿದದ್ದು, ದೋಸೆ, ಪೂರಿ ಕೇಳಬೇಡಿ, ಒದ್ದೆ ಬಟ್ಟೆ ಆಗಿರ್ತದೆ. ಗ್ರೇವಿ ಇರೋದು, ಬ್ಯಾಳಿ, ಪನೀರ್, ರಾಜ್ಮಾ, ಇವು ಎರಡನೇ ಸಲ ಕಾಯಿಸಿದ್ರೂ ಕೆಡಲ್ಲ. ಬರೀ ಅನ್ನ ಒಣಗ್ತದೆ, ಪಲಾವ್ ಪರವಾಗಿಲ್ಲ.

ಇನ್ನು ಸ್ಪೆಷಲ್ ಮೀಲ್ ಬಗ್ಗೆ ಹುಮನಾಬಾದ್ ಅವರು ಹೇಳಿದ್ದು ಸರಿ, ಆದರೆ ನಂದೊಂದು ಬೇರೆ ಅಭಿಪ್ರಾಯ. ಬಿಸಿನೆಸ್ ಕ್ಲಾಸಲ್ಲಿ ಸ್ಪೆಷಲ್ ಮೀಲ್ ಹಾಕಿದ್ರೆ ಎಷ್ಟೋ ಸಲ ಮೆನುದಲ್ಲಿರೋ ಚೆಂದದ ಊಟ ತಪ್ಪಿ ಹೋಗ್ತದೆ, ನಿಮಗೆ ಪ್ಯಾಕ್ ಆಗಿ ಬಂದದ್ದೇ ಬರ್ತದೆ. ಇಂಡಿಯಾದಿಂದ ಹೊರಡೋ ಫ್ಲೈಟಿನ ಮೆನುದಲ್ಲಿ ಒಂದು ಇಂಡಿಯನ್ ವೆಜ್ ಸಾಮಾನ್ಯವಾಗಿ ಇದ್ದೇ ಇರ್ತದೆ. ಸಿಂಗಪುರ ಏರ್‌ಲೈನ್ಸ್‌ನವರು ಬುಕ್ ದ ಕುಕ್ ಅಂತ ಇಟ್ಟಿದ್ದಾರೆ, 24 ಗಂಟೆ ಮೊದಲು ಮೇನ್ ಕೋರ್ಸ್ ಆರಿಸಬಹುದು. ಕತಾರ್ ಏರ್‌ವೇಸ್‌ನಲ್ಲಿ ಬಿಸಿನೆಸ್‌ನವರಿಗೆ ಯಾವಾಗ ಹಸಿವಾಗ್ತದೋ ಆವಾಗ ಊಟ ಕೇಳೋ ಪದ್ಧತಿ ಇದೆ. ಮಾತು ಗೊತ್ತಿರೋರಾದ್ರೆ ನಾನು ಏನೂ ಒತ್ತಬೇಡಿ ಅಂತಿದ್ದೆ. ಹಿರಿಯರು, ಇಂಗ್ಲಿಷ್ ತೊಡಕು, ತತ್ತಿ ನಡೆಯಲ್ಲ ಅಂದ್ರೆ ಎವಿಎಂಎಲ್ಲೇ ಸೇಫ್. ಸಿಹಿ ಮಾತ್ರ ಕೇಳಿ ತಿನ್ನೋಕೆ ಹೇಳಿ, ಮೆನುದಿಂದ ತಂದ ಮೂಸ್, ಕೇಕ್ ಇಂಥವುಗಳಲ್ಲಿ ತತ್ತಿ ಇರೋದು ಮಾಮೂಲು.

---

ತೊಗರಿ_ಕಣಜ

ಅಬ್ಬಾ, ಬಚಾವಾದೆ. ಎವಿಎಂಎಲ್ ಹಾಕ್ತೀನ್ರಿ. ಆದ್ರ ಸುಗರ್ ಅದಲ್ಲ, ಡಯಾಬೆಟಿಕ್ ಮೀಲ್‌ನೂ ಕೂಡೇ ಒತ್ತಬೇಕಾ?

---

ಶಂಶಾಬಾದ್_ಶಿಫ್ಟ್

ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕೋಡ್ ತಗೊಳ್ತದೆ. ಡಯಾಬೆಟಿಕ್ (ಡಿಬಿಎಂಎಲ್) ಅಂದ್ರೆ ಕಡಿಮೆ ಸಕ್ಕರೆ ಅಷ್ಟೇ, ವೆಜ್ ಅಂತ ಅಲ್ಲ, ಕೋಳಿ ಅಥವಾ ಮೀನು ಇರಬಹುದು. ವೆಜ್ ಹಾಕಿಸಿ, ಸಿಹಿ ಮತ್ತು ಜ್ಯೂಸ್ ಬಿಡೋಕೆ ಹೇಳಿ.

---

ಅಗಸಿ_ಹಿಂಡಿ (ಕಲಬುರಗಿ)

ನಮ್ ಅಪ್ಪಗೂ ಸುಗರ್, ಮೂರ್ ಸಲ ಕರ್ಕೊಂಡ್ ಹೋಗೀನಿ ಅದಕ್ಕ ಹೇಳ್ತೀನಿ. ಊಟಕ್ಕಿಂತ ಹೊತ್ತಿಂದೇ ದೊಡ್ಡ ತ್ರಾಸು. ದೋಹಾದಿಂದ ಡಲ್ಲಾಸ್ ಹೆಚ್ಚು ಕಡಿಮಿ 16 ತಾಸು, ಹೊರಗ ಹಗಲೋ ರಾತ್ರಿಯೋ ತಿಳ್ಯಂಗಿಲ್ಲ, ಗುಳಿಗಿ ಯಾವಾಗ ತಗೋಬೇಕು ಅಂತ ಹೋಗೋಕಿಂತ ಮೊದಲೇ ಡಾಕ್ಟರ್ ಹತ್ರ ಕೇಳಿ ಒಂದ್ ಚೀಟಿ ಮಾಡಿಸ್ರಿ. ಗುಳಿಗಿ ತಗೊಂಡು ಊಟ ತಡ ಆದ್ರ ಸುಗರ್ ಇಳಿತದ, ಕೈ ನಡಗ್ತಾವ. ಬೇಕಾದಾಗ ಊಟ ಕೊಡೋ ಫ್ಲೈಟ್ ಆದ್ರ ಇದೇ ದೊಡ್ಡ ಉಪಕಾರ, ಲೈಟ್ ಆರ್ಸಿ ಎಲ್ಲಾರೂ ಮಲಗಿದ್ರೂ ಬಟನ್ ಒತ್ತಿ ಕೇಳಬೌದು. ಅಪ್ಪ ಸಂಕೋಚ ಮಾಡಿ ಹಸಕೊಂಡು ಕೂಡ್ತಾರ, ನಮ್ ಮಂದಿ ಹಂಗೇ, ಅದಕ್ಕ ಅವ್ವಗ ಬಟನ್ ಎಲ್ಲದ ತೋರ್ಸಿ ಕಳಸ್ರಿ. ಒಂದ್ ಕಾಗದದ ಮ್ಯಾಲ ಇಂಗ್ಲಿಷ್‌ನಾಗ ಮಾಂಸ ಬ್ಯಾಡ, ಮೀನ ಬ್ಯಾಡ, ತತ್ತಿ ಬ್ಯಾಡ, ಸುಗರ್ ಪೇಶಂಟ್ ಅಂತ ದಪ್ಪ ಅಕ್ಷರದಾಗ ಬರ್ದು ಅಂಗಿ ಕಿಸೇದಾಗ ಇಡ್ರಿ.

ಈಗ ರೊಟ್ಟಿ. ಯಾರೂ ಏನೂ ಅನ್ನಂಗಿಲ್ರಿ!! ಕಡಕ್ ರೊಟ್ಟಿ ಮೊದಲೇ ಒಣಗಿದ್ದು, ಇನ್ನ ಅದೇನ್ ಒಣಗ್ತದ. ವಿಮಾನದ ಗಾಳಿ ಭಾಳ ಒಣ, ಹಸಿ 20 ಪರ್ಸೆಂಟಿಗಿಂತ ಕಡಿಮಿ, ಒತ್ತಡಾನೂ 6000 ರಿಂದ 8000 ಅಡಿ ಎತ್ತರದಾಗಿಂದು, ಅಂದ್ರ ಹತ್ರ ಹತ್ರ ಊಟಿದಾಗ ಕುಂತಂಗ. ಅದಕ್ಕ ಮೂಗ ನಾಲಿಗಿ ಎರಡೂ ಮಂದ ಆಗ್ತಾವ. 2010 ರ ಸುಮಾರಿಗೆ ಲುಫ್ತಾನ್ಸಾದೋರು ಜರ್ಮನಿದ ಫ್ರೌನ್‌ಹೋಫರ್ ಸಂಸ್ಥಾದ ಕಡಿಂದ ಇದನ್ನ ನೋಡಿಸಿದ್ರು, ಉಪ್ಪು ಸಿಹಿ ರುಚಿ ಕಡಿಮಿ ಹತ್ತದ, ಹುಳಿ ಖಾರಕ್ಕ ಅಷ್ಟ್ ಫರಕ್ ಬೀಳಂಗಿಲ್ಲ ಅಂತ ಬಂತು. ಅಂದ್ರ ನಮ್ ಪುಂಡಿ ಪಲ್ಯ, ಶೇಂಗಾ ಹಿಂಡಿ ಆಕಾಶದಾಗೂ ಪಾಸ್ 😀 ಅವರ ಬ್ಯಾಳಿ ಸಪ್ಪಗ ಅದ ಅಂತ ಅನಿಸಿದ್ರ ಮ್ಯಾಲ ಒಂದ್ ಚಿಟಿಕಿ ಹಿಂಡಿ ಉದುರಿಸಿದ್ರ ಊಟ ಊಟ ಆಗ್ತದ, ನಮ್ ಅಪ್ಪ ಪಕ್ಕದ ಸೀಟಿನ ಗೋರಾಗೂ ರುಚಿ ತೋರ್ಸಿದ್ರು, ಆ ಮನಷ್ಯಾ ಎರಡ್ ಗ್ಲಾಸ್ ನೀರ್ ಕುಡದ.

ಆದ್ರ ಇಷ್ಟ್ ನೋಡ್ಕೋರಿ. ಮೊಸರು, ಎಣ್ಣಿ ಉಪ್ಪಿನಕಾಯಿ ಲಿಕ್ವಿಡ್ ಲೆಕ್ಕಕ್ಕ ಬರ್ತಾವ, 100 ಎಂಎಲ್ ಮ್ಯಾಲಿದ್ರ ಕೈಚೀಲದಾಗ ಬಿಡಂಗಿಲ್ಲ. ಅಮೆರಿಕಕ್ಕ ಹೋಗೋ ಫ್ಲೈಟಿಗೆ ಪುಡಿಗೂ ಲೆಕ್ಕ ಅದ, 350 ಎಂಎಲ್ ಡಬ್ಬಿಗಿಂತ ದೊಡ್ದಿದ್ರ ತಗದ್ ತಪಾಸ್ ಮಾಡ್ತಾರ, ಅದಕ್ಕ ಹಿಂಡಿ ಒಂದ್ ಸಣ್ಣ ಡಬ್ಬಿ ಕೈಯಾಗ, ಉಳಿದದ್ದು ಕೆಂಪ್ ಖಾರ ಗಿಂಪ್ ಖಾರ ಎಲ್ಲಾ ದೊಡ್ಡ ಬ್ಯಾಗಿಗೆ. ಒಣ ಕೊಬ್ರಿ ಬಟ್ಟಲ ಮಾತ್ರ ಎಲ್ಲೂ ಇಡಬ್ಯಾಡ್ರಿ, ಎಣ್ಣಿ ಅಂಶ ಇರ್ತದ, ಬೆಂಕಿ ಹತ್ತೋ ಮಾಲು ಅಂತ ಹೊರಗ ತಗಿತಾರ, ಬಾಣಂತಿಗೆ ಅಂಟಿನುಂಡಿ ಮಾಡಾಕ ಅವ್ವ ಅದ್ನೇ ಮೊದಲ ತುಂಬ್ತಾರ ನೋಡ್ರಿ ಬೇಕಾದ್ರ. ಉಂಡಿ ಕಟ್ಟಿ ಒಯ್ರಿ. ಮತ್ತ ಗಸಗಸಿ, ಯುಎಇದಾಗ ಅದು ಬ್ಯಾನ್ ಅದ, ನಿಮ್ದು ದೋಹಾ ಮ್ಯಾಲಿಂದ ಖರೆ, ಆದ್ರೂ ಫ್ಲೈಟ್ ಬದಲಿ ಆಗಿ ದುಬೈಕ್ಕ ಇಳಿಬೇಕಾದ್ರ ಯಾಕ್ ಬೇಕು ಉಸಾಬರಿ, ಉಂಡ್ಯಾಗ ಗಸಗಸಿ ಹಾಕ್ಲೇಬ್ಯಾಡ್ರಿ.

---

ಹುಮನಾಬಾದ್_ನಾಕಾ

ಗೋರಾ ಎರಡ್ ಗ್ಲಾಸ್ 😂😂

ರೊಟ್ಟಿ ಪಲ್ಯ ಬಿಸಿ ಮಾಡಿ ಕೊಡ್ರಿ ಅಂತ ಕೇಳಬ್ಯಾಡ್ರಿ, ಮನಿ ಊಟ ಓವನ್‌ನಾಗ ಇಡಾಕ ಹೆಚ್ಚಾಗಿ ಒಪ್ಪಂಗಿಲ್ಲ. ಬಿಸಿನೀರ್ ಕೊಡ್ತಾರ. ಮತ್ತ ಡಲ್ಲಾಸ್‌ನಾಗ ಇಳಿಯೋ ಮುಂದ ವಿಮಾನದಾಗ ಕೊಟ್ಟ ಸೇಬು ಬಾಳಿಹಣ್ಣು ಚೀಲಕ್ಕ ಹಾಕ್ಕೊಂಡು ಇಳಿಬ್ಯಾಡ್ರಿ, ಹಣ್ಣಿಗೆ ದಂಡ ಹಾಕ್ತಾರ. ಊಟದ ಸಾಮಾನ ಏನ ಒಯ್ದ್ರೂ ಹೌದು ಅದ ಅಂತ ಫಾರ್ಮ್‌ನಾಗ, ಕೌಂಟರ್‌ನಾಗ ಹೇಳಿಬಿಡ್ರಿ, ಮುಚ್ಚಿಟ್ರೇ ಲಫಡಾ.

---

ಗಿಲ್ಲಿ_ದಾಂಡು

ಲೌಂಜ್ ಮರತ್ರಿ ಎಲ್ಲಾರೂ! ಬಿಸಿನೆಸ್ ಟಿಕೆಟ್ ಇದ್ರ ಸಾಮಾನ್ಯ ಲೌಂಜ್ ಕೂಡೇ ಬರ್ತದ, ಟಿಕೆಟ್ ಮ್ಯಾಲ ನೋಡ್ರಿ. ಕಲಬುರಗಿಂದ ಹೈದರಾಬಾದ್ ಕಾರಿನಾಗ ಐದ್ ತಾಸು ಕುಲಕಿಸ್ಕೊಂಡು ಹೋಗಿರ್ತಾರ, ಅಲ್ಲೇ ಬಿಸಿ ಇಡ್ಲಿ ಸಾಂಬಾರ್ ತಿಂದು ವಿಮಾನ ಹತ್ತಿ ಸೀಟ್ ಹಾಸಿಗಿ ಮಾಡ್ಕೊಂಡು ಮಲಗ್ಲಿ, ದೋಹಾದ ತನಕ ಊಟದ ಚಿಂತಿ ಬ್ಯಾಡ.

---

ತೊಗರಿ_ಕಣಜ

ಎಲ್ಲಾರಿಗೂ ಶರಣ್ರಿ 🙏 ನಾಕೂ ಸೆಕ್ಟರಿಗೆ ಎವಿಎಂಎಲ್ ಹಾಕ್ದೆ, ಸ್ಕ್ರೀನ್‌ಶಾಟ್ ತಮ್ಮಗ ಕಳಿಸ್ದೆ. ಕೊಬ್ರಿ ಸಂಗ್ತಿ ಖರೇನೇ ಆಯ್ತು, ಅವ್ವ ಎರಡ್ ಕೆಜಿ ತರಿಸಿ ಚೀಲದ ತಳಕ್ಕ ಇಟ್ಟಿದ್ರು, ಈಗ ಅಂಗಳದಾಗ ಕುಂತು ಹೆರಿಲಾಕತ್ಯಾರ, ಗಸಗಸಿ ಇಲ್ಲದ ಅದೆಂಥಾ ಅಂಟಿನುಂಡಿ ಅಂತ ನಂಗ ಬೈಲಾಕತ್ಯಾರ. ಅಪ್ಪಗ ಲೌಂಜ್‌ನಾಗ ಇಡ್ಲಿ ಸಿಗ್ತದ ಅಂದೆ, "ಇಡ್ಲಿ ತಿನ್ನಾಕ ಹೈದರಾಬಾದ್ ತನಕ ಹೋಗ್ಬೇಕಾ" ಅಂದ್ರು. ರೊಟ್ಟಿ ಎಷ್ಟು ಕಟ್ಟಬೇಕು ಅಂತ ಇಬ್ಬರದ್ದೂ ಜಗಳ ನಡದದ, ಅವ್ವ ಹತ್ತು ಅಂತಾರ, ಅಪ್ಪ ಇಪ್ಪತ್ತೈದು.