ಹಳೇ 9.9 ಓಬಿಎಂ (ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಇಂಜಿನ್): ಪೆಟ್ರೋಲಲ್ಲಿ ಓಡ್ತದೆ, ಸೀಮೆಎಣ್ಣೆಗೆ ತಿರುಗಿಸಿದ್ರೆ ನಿಲ್ತದೆ. ಅನುಭವ ಇದ್ದವರು ಹೇಳಿ

ಕೋಡಿ ದೋಣಿ

ಸೆಕೆಂಡ್ ಹ್ಯಾಂಡ್ 9.9 ಎಚ್‌ಪಿ ಇಂಜಿನ್. 2-ಸ್ಟ್ರೋಕ್, ಎರಡು ಸಿಲಿಂಡರ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಮಾಡೆಲ್. ನನಗೆ ಇಂಜಿನ್ ಕೆಲಸ ಹೊಸತು. ಡ್ರಮ್ಮಿನಲ್ಲಿಟ್ಟು ಹದಿನೈದಿಪ್ಪತ್ತು ಸಲ ಹಗ್ಗ ಎಳೆದ ಮೇಲೆ ಸ್ಟಾರ್ಟ್ ಆಗ್ತದೆ, ಪೆಟ್ರೋಲಲ್ಲಿ ಐದು ನಿಮಿಷ ಸರಿ ಇರ್ತದೆ. ಇಂಧನದ ಕಾಕ್ ಸೀಮೆಎಣ್ಣೆಗೆ ತಿರುಗಿಸಿ ಒಂದೆರಡು ನಿಮಿಷಕ್ಕೆ ಕೆಮ್ಮಿ, ಬಿಳಿ ಹೊಗೆ ಬಿಟ್ಟು ನಿಲ್ತದೆ. ಪ್ಲಗ್ ತೆಗೆದರೆ ಎರಡೂ ಒದ್ದೆ. ಇಂಜಿನ್ ತಣಿಸಿ ಹೊರಗೆ ಬರುವ ನೀರಿನ ಧಾರೆ ಪೆನ್ಸಿಲಿಗಿಂತ ಸಣ್ಣ, ಮುಟ್ಟಿದರೆ ತಣ್ಣಗೆ. ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಚಕ್ರ), ಕಾರ್ಬೊರೇಟರ್ ಕಿಟ್, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಪೆಟ್ಟಿಗೆ) ಮೂರನ್ನೂ ಬದಲಿಸಿ ಅಂತ ಸಲಹೆ ಬಂದಿದೆ. ಯಾವುದರಿಂದ ಶುರು ಮಾಡಲಿ?

ಗಂಗೊಳ್ಳಿ ಅಳಿವೆ

ಇಂಪೆಲ್ಲರ್. ಬೇರೆ ಮಾತೇ ಬೇಡ. ಉಪ್ಪುನೀರಿನ ಇಂಜಿನಿಗೆ ವರ್ಷಕ್ಕೊಂದು ಇಂಪೆಲ್ಲರ್, ಧಾರೆ ಚೆನ್ನಾಗಿದ್ದರೂ.

ಗೇರ್‌ಕೇಸ್ (ಇಂಜಿನಿನ ಕೆಳಗಿನ ಭಾಗ, ಇಂಪೆಲ್ಲರ್ ಅದರ ಮೇಲೆ ಕೂರ್ತದೆ) ಬೋಲ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಕಾಲು ಸುತ್ತು ಬಿಚ್ಚಿ, ಅಷ್ಟೇ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ. ಒಂದೇ ದಮ್ಮಿಗೆ ಎಳೆದರೆ ಬೋಲ್ಟಿನ ತಲೆ ತುಂಡಾಗಿ ಕೈಗೆ ಬರ್ತದೆ, ಆಮೇಲೆ ಡ್ರಿಲ್, ಟ್ಯಾಪ್ ಅಂತ ಇಂಪೆಲ್ಲರಿನ ನಾಲ್ಕು ಪಟ್ಟು ಖರ್ಚು. ಶಿಫ್ಟ್ ರಾಡ್ ಕಳಚದೆ ಗೇರ್‌ಕೇಸ್ ಎಳೆಯಬೇಡಿ.

ಒಳಗೆ ಸ್ಟೀಲ್ ಕಪ್ ಮತ್ತು ಅಡಿಯ ಪ್ಲೇಟ್ ನೋಡಿ. ಉಗುರು ಎಳೆದಾಗ ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಎರಡನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ರಬ್ಬರ್ ಹಾಕಿಯೂ ಪ್ರಯೋಜನ ಇಲ್ಲ. ಹಳೇ ಇಂಪೆಲ್ಲರಿನ ರೆಕ್ಕೆ ಮುರಿದಿದ್ದರೆ ತುಂಡುಗಳನ್ನು ಜೋಡಿಸಿ ಲೆಕ್ಕ ಹಾಕಿ, ಒಂದು ಕಮ್ಮಿ ಇದ್ದರೂ ಅದು ನೀರಿನ ಪೈಪಿನಲ್ಲೋ ಬ್ಲಾಕಿನಲ್ಲೋ ಕೂತಿರ್ತದೆ. ಹೊಸದಕ್ಕೆ ಸೋಪಿನ ನೀರು ಹಚ್ಚಿ. ಹೌಸಿಂಗ್ ಒತ್ತುವಾಗ ಡ್ರೈವ್ ಶಾಫ್ಟನ್ನು ಮೇಲಿಂದ ನೋಡಿದ ಹಾಗೆ ಗಡಿಯಾರದ ದಿಕ್ಕಿಗೆ ತಿರುಗಿಸ್ತಾ ಇರಿ, ರೆಕ್ಕೆಗಳು ಸರಿಯಾದ ಕಡೆಗೆ ಬಾಗಬೇಕು. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಅರ್ಧಚಂದ್ರ ಕೀ ಬಿದ್ದುಹೋಗದ ಹಾಗೆ ಸ್ವಲ್ಪ ಗ್ರೀಸ್. ಶಾಫ್ಟಿನ ಮೇಲ್ಭಾಗದ ಪಕ್ಕದ ಹಲ್ಲುಗಳಿಗೆ ಗ್ರೀಸ್ ಬೇಕು, ತುದಿಯ ಮೇಲೆ ಬೇಡ. ಅಲ್ಲಿ ಗ್ರೀಸ್ ತುಂಬಿದರೆ ಶಾಫ್ಟ್ ಪೂರ್ತಿ ಒಳಗೆ ಹೋಗುವುದಿಲ್ಲ.

ಇಲ್ಲಿಯ ಲೆಕ್ಕ: ಪೂರ್ತಿ ವಾಟರ್ ಪಂಪ್ ಕಿಟ್ 2,400, ಕಾರ್ಬೊರೇಟರ್ ಕಿಟ್ 1,150, ಫ್ಯುಯೆಲ್ ಪಂಪ್ ಡಯಾಫ್ರಾಮ್ (ಒಳಗಿನ ತೆಳು ಪರದೆ) 480, ಪ್ಲಗ್ ಎರಡಕ್ಕೆ 360, ಗೇರ್ ಆಯಿಲ್ 220, ಆಯಿಲ್ ಸೀಲ್ 760. ಒಟ್ಟು 5,370. ಕೂಲಿ ಬೇರೆ. ಒಂದೂ ದಂಡ ಅಲ್ಲ.

ಹಳೇ ಫಿಟ್ಟರ್

ಮೇಲಿನವರು ಕಿಟ್ ಕೂರಿಸಲಿಕ್ಕೆ ಹೇಳಿದ್ದು ಒಂದೂ ತಪ್ಪಿಲ್ಲ. ಆದರೆ ಕೇಳಿದವರ ಇಂಜಿನಿನ ಕಾಯಿಲೆ ಅದೇ ಅಂತ ಯಾರು ಹೇಳಿದರು? 5,370 ಖರ್ಚು ಮಾಡಿ ಇಂಜಿನ್ ಅದೇ ಜಾಗದಲ್ಲಿ ನಿಂತರೆ ಹೊಸಬರು ಇಂಜಿನನ್ನೇ ಮಾರಿಬಿಡ್ತಾರೆ. ಮೊದಲು ಪರೀಕ್ಷೆ, ಆಮೇಲೆ ಪಾರ್ಟ್.

ಸ್ಟಾಪ್ ಸ್ವಿಚ್ಚಿನ ಕೆಂಪು ಕ್ಲಿಪ್ ಜಾಗದಲ್ಲಿ ಉಂಟಾ ನೋಡಿ. ಕಂಪ್ರೆಷನ್: ಎರಡೂ ಪ್ಲಗ್ ತೆಗೆದು, ಪ್ಲಗ್ ವೈರ್ ಬ್ಲಾಕಿಗೆ ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಎಳೆಯಿರಿ. ಅರ್ತ್ ಮಾಡದೆ ಎಳೆದರೆ ಸಿಡಿಐ ಹೋಗುವ ಭಯ ಉಂಟು. ಸೀಮೆಎಣ್ಣೆ ಮಾಡೆಲಿನ ಕಂಪ್ರೆಷನ್ ಪೆಟ್ರೋಲಿನದ್ದಕ್ಕಿಂತ ಕಮ್ಮಿ ಇರುವುದೇ, ಅದಕ್ಕೆ ಹೆದರಬೇಡಿ. ಎರಡು ಸಿಲಿಂಡರಿನ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹೆದರಿ. ಕಮ್ಮಿ ಇರುವುದಕ್ಕೆ ಒಂದು ಚಮಚ 2-ಟಿ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ.

ಇಂಜಿನ್ ಸಾಯ್ತಾ ಇರುವಾಗ ಪೈಪಿನ ರಬ್ಬರ್ ಬಲ್ಬ್ ಒತ್ತಿ. ಒತ್ತಿದ ಕೂಡಲೇ ಚೇತರಿಸಿಕೊಂಡರೆ ಫ್ಯುಯೆಲ್ ಪಂಪಿನ ಡಯಾಫ್ರಾಮ್ ಹೋಗಿದೆ. ಬಲ್ಬ್ ಚಪ್ಪಟೆಯಾಗಿ ಒಳಗೆ ಸೇದಿಕೊಂಡಿದ್ದರೆ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಮುಚ್ಚಿದೆ. ಎಷ್ಟು ಒತ್ತಿದರೂ ಗಟ್ಟಿ ಆಗದಿದ್ದರೆ ಎಲ್ಲೋ ಗಾಳಿ ಎಳೀತಾ ಉಂಟು.

ಗಂಗೊಳ್ಳಿ ಅಳಿವೆ

ಪರೀಕ್ಷೆ ಮಾಡ್ತಾ ಕೂತರೆ ಸವೆದ ಇಂಪೆಲ್ಲರಿನಲ್ಲಿ ಇಂಜಿನ್ ಸುಟ್ಟು ಪಿಸ್ಟನ್ ಜಾಮ್ ಆಗ್ತದೆ. ರೀಬೋರ್, ಎರಡು ಪಿಸ್ಟನ್, ರಿಂಗ್ ಸೆಟ್ಟಿನ ಬಿಲ್ ನೋಡಿದವರಿಗೆ ಗೊತ್ತು.

ಹಳೇ ಫಿಟ್ಟರ್

ನೀರು ತಣ್ಣಗೆ ಬರ್ತಾ ಉಂಟು ಅಂತ ಬರೆದದ್ದು ಓದಿದ್ರಾ? ಸುಡ್ತಾ ಇರುವ ಇಂಜಿನಿನ ನೀರು ತಣ್ಣಗೆ ಬರ್ತದಾ ಮಾರಾಯ್ರೆ?

ಶರಾವತಿ ಹಿನ್ನೀರು

ಸೀಮೆಎಣ್ಣೆಯ ಗೊಡವೆಯೇ ಬೇಡ. ಪ್ಲಗ್ ತುಂಬ ಮಸಿ, ಎಕ್ಸಾಸ್ಟ್ ಪೋರ್ಟಿನಲ್ಲಿ ಕಲ್ಲಿನಂಥ ಇಂಗಾಲ, ರಿಂಗ್ ಕಚ್ಚಿಕೊಳ್ಳುವುದು. ಪೆಟ್ರೋಲಿನಲ್ಲೇ ಓಡಿಸಿ. ಆದರೆ ಪೆಟ್ರೋಲಿನದ್ದೂ ಬೇರೆ ತಲೆನೋವು ಈಗ. ಬಂಕಿನಲ್ಲಿ ಬರುವುದು ಇ20, ಐದರಲ್ಲಿ ಒಂದು ಪಾಲು ಎಥನಾಲ್. ಅದು ತೇವ ಹೀರುತ್ತದೆ, ನೀರು ಹೆಚ್ಚಾದರೆ ಎಥನಾಲ್ ಸಮೇತ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪ್ ಎಳೆಯುವುದೂ ತಳದಿಂದಲೇ. ಹಳೇ ಕಾಲದ ರಬ್ಬರ್ ಪೈಪ್, ಡಯಾಫ್ರಾಮ್, ಫ್ಲೋಟ್ ಸೂಜಿಯ ತುದಿ ಇದಕ್ಕೆ ಮಾಡಿದ್ದಲ್ಲ, ಉಬ್ಬುತ್ತವೆ, ಮೆತ್ತಗಾಗುತ್ತವೆ. ಗಾಜಿನ ಬಾಟಲಿಗೆ ಒಂದು ಲೋಟ ಪೆಟ್ರೋಲ್ ತೆಗೆದು ಹತ್ತು ನಿಮಿಷ ಅಲುಗಿಸದೆ ಇಡಿ. ಅಡಿಯಲ್ಲಿ ಗೆರೆ ಎಳೆದ ಹಾಗೆ ಬೇರೆ ಪದರ ಕಂಡರೆ ಪೂರ್ತಿ ಚೆಲ್ಲಿ, ಟ್ಯಾಂಕ್ ಒಣಗಿಸಿ. ಮೂರು ವಾರಕ್ಕಿಂತ ಹಳೆಯದನ್ನು ಇಟ್ಟುಕೊಳ್ಳಬೇಡಿ.

ಕಾರ್ಬೊರೇಟರ್ ಬಿಚ್ಚಿದರೆ ಪೈಲಟ್ ಜೆಟ್ಟಿಗೆ (ಇಂಧನ ಹೋಗುವ ಸಣ್ಣ ತೂತಿನ ತುಂಡು) ಸ್ಟೀಲ್ ತಂತಿ ತುರುಕಬೇಡಿ, ತೂತು ದೊಡ್ಡದಾಗುತ್ತದೆ. ವಿದ್ಯುತ್ ವೈರಿನೊಳಗಿನ ತಾಮ್ರದ ಒಂದೇ ಎಳೆ ಸಾಕು. ಐಡಲ್ ಸ್ಕ್ರೂ ತೆಗೆಯುವ ಮೊದಲು ಮೆಲ್ಲಗೆ ಒಳಗೆ ಕೂರುವ ತನಕ ಸುತ್ತು ಎಣಿಸಿ ಬರೆದಿಟ್ಟುಕೊಳ್ಳಿ. ಬರೆದಿಡದಿದ್ದರೆ ಒಂದೂವರೆ ಸುತ್ತು ಹೊರಗಿನಿಂದ ಹೊಂದಿಸಲು ಶುರು ಮಾಡಿ.

ಮಲ್ಪೆ ಬಂದರು

ಹಿನ್ನೀರಿನಲ್ಲಿ ಸಿಹಿನೀರಿಗೆ ಇಂಜಿನ್ ಇಳಿಸುವವರು ಕಡಲಿನವರಿಗೆ ಸೀಮೆಎಣ್ಣೆ ಬಿಡಿ ಅಂತ ಹೇಳುವುದು ಸುಲಭ. ದಿನಕ್ಕೆ ಇಪ್ಪತ್ತು ಲೀಟರ್ ಸುಡುವ ನಾಡದೋಣಿಗೆ ಪರ್ಮಿಟ್ಟಿನಲ್ಲಿ ಸಿಗುವ ಸೀಮೆಎಣ್ಣೆ ಬಿಟ್ಟು ಪೆಟ್ರೋಲ್ ಹಾಕಿದರೆ ಮೀನು ಮಾರಿದ ದುಡ್ಡು ಬಂಕಿಗೇ. 9.9 ಯಾಕೆ ತಗೊಳ್ತಾರೆ ಅಂತಲೂ ತಿಳ್ಕೊಳ್ಳಿ: ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಇರುವಾಗ 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಕಡಲು.

ಇನ್ನೊಂದು, ಯಾರೂ ಹೇಳಿಲ್ಲ: ಇಂಧನಕ್ಕೆ ಬೆರೆಸುವ ಎಣ್ಣೆ. ಟಿಸಿ-ಡಬ್ಲ್ಯು3 (ಓಬಿಎಂಗೆಂದೇ ಮಾಡಿದ 2-ಸ್ಟ್ರೋಕ್ ಎಣ್ಣೆ) ಹಾಕಿ. ಬೈಕಿನ 2-ಟಿ ಗಾಳಿಯಲ್ಲಿ ತಣಿಯುವ ಬಿಸಿ ಇಂಜಿನಿಗೆ ಮಾಡಿದ್ದು, ಅದರಲ್ಲಿ ಬೂದಿ ಉಳಿಸುವ ಅಂಶ ಉಂಟು. ನೀರಲ್ಲಿ ತಣಿಯುವ ಓಬಿಎಂಗೆ ಹಾಕಿದರೆ ಬೂದಿ ಪ್ಲಗ್ಗಿನ ತುದಿಯಲ್ಲಿ, ಪಿಸ್ಟನ್ ರಿಂಗ್ ಕೂರುವ ತೋಡಿನಲ್ಲಿ ಕೂರ್ತದೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, ಹತ್ತು ಲೀಟರಿಗೆ 200. ಕ್ಯಾಪಿನ ಅಂದಾಜು ಬೇಡ, ಅಳತೆ ಬಾಟಲಿ ತಗೊಳ್ಳಿ. ಮಾಡೆಲಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ಗಂಗೊಳ್ಳಿ ಅಳಿವೆ

ಇಲ್ಲಿ ಅರ್ಧಕ್ಕರ್ಧ ದೋಣಿ ಬೈಕಿನ ಎಣ್ಣೆಯಲ್ಲೇ ಓಡ್ತಾ ಉಂಟು. ಎಲ್ಲ ಇಂಜಿನೂ ಸತ್ತು ಹೋಯ್ತಾ?

ಮಲ್ಪೆ ಬಂದರು

ಓಡ್ತದೆ. ಹೆಡ್ ಬಿಚ್ಚಿ ಪಿಸ್ಟನ್ ತಲೆ ನೋಡಿ, ಬೂದುಬಣ್ಣದ ಹೊಪ್ಪಳೆ ಯಾವುದರದ್ದು ಅಂತ ಆಗ ಹೇಳಿ. ಅದನ್ನು ಬಿದಿರಿನ ಚಕ್ಕೆಯಲ್ಲಿ ಕೆರೆಯಬೇಕು, ಸ್ಕ್ರೂಡ್ರೈವರ್ ಹಾಕಿದರೆ ಪಿಸ್ಟನ್ ಗೀರು. ಆ ಕೆಲಸ ವರ್ಷಕ್ಕೆ ಎರಡು ಸಲ ಮಾಡುವವರು ಉಳಿಸಿದ ಎಣ್ಣೆ ದುಡ್ಡು ಎಷ್ಟು?

ಶರಾವತಿ ಹಿನ್ನೀರು

ಸಿಹಿನೀರು ಸುಲಭ ಅಂದವರು ಮುಳುಗಿದ ಮರದ ಬೊಡ್ಡೆಗಳ ಮೇಲೆ ಒಮ್ಮೆ ಓಡಿಸಿ ನೋಡಲಿ. ಪ್ರೊಪೆಲ್ಲರಿನ ಷಿಯರ್ ಪಿನ್ ಐದು ಜೇಬಿನಲ್ಲಿಟ್ಟುಕೊಂಡೇ ಹೊರಡಬೇಕು. ಮೊಳೆ ಕತ್ತರಿಸಿ ಪಿನ್ ಮಾಡಿದರೆ ಗೇರ್ ಮುರಿಯುತ್ತದೆ. ಪಿನ್ ಮೆತ್ತಗಿರುವುದು ತಾನು ಮುರಿದು ಗೇರ್ ಉಳಿಸಲಿಕ್ಕೆ.

ಹಳೇ ಫಿಟ್ಟರ್

ಜಗಳ ಸಾಕು, ಕೇಳಿದವರ ಲಕ್ಷಣಕ್ಕೆ ಬನ್ನಿ. ಪ್ಲಗ್ ಒದ್ದೆ, ಬಿಳಿ ಹೊಗೆ. ಅಂದರೆ ಇಂಧನ ಸಿಲಿಂಡರಿಗೆ ಬರ್ತಾ ಉಂಟು, ಉರೀತಾ ಇಲ್ಲ. ಇಂಧನ ಸಿಗದೆ ನಿಂತಿದ್ದರೆ ಪ್ಲಗ್ ಒಣಗಿರಬೇಕಿತ್ತು. ಪೆಟ್ರೋಲಲ್ಲಿ ಸರಿ ಓಡುವುದರಿಂದ ಸಿಡಿಐ ಮೇಲೆ ಈಗಲೇ ದುಡ್ಡು ಹಾಕಬೇಡಿ. ಕಾಕ್ ತಿರುಗಿಸಿದ ಮೇಲೆ ಒಂದೆರಡು ನಿಮಿಷ ಓಡುವುದು ಕಾರ್ಬೊರೇಟರಿನ ಫ್ಲೋಟ್ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನಲ್ಲಿ. ಅದು ಮುಗಿದ ಕೂಡಲೇ ಸೀಮೆಎಣ್ಣೆ ಬರ್ತದೆ. ಸೀಮೆಎಣ್ಣೆ ಆವಿಯಾಗಬೇಕಾದರೆ ಇಂಜಿನ್ ಬಿಸಿ ಇರಬೇಕು. ನಿಮ್ಮದು ಬಿಸಿಯೇ ಆಗ್ತಾ ಇಲ್ಲ.

ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗುವ ತನಕ ನೀರು ತಡೆಯುವ ಕವಾಟ) ಮುಚ್ಚಳ ಬಿಚ್ಚಿ ನೋಡಿ. ಉಪ್ಪು ಕಟ್ಟಿ ಜಾಮ್ ಆಗ್ತದೆ ಅಂತ ಅದನ್ನು ಕಿತ್ತೆಸೆಯುವ ಚಾಳಿ ಈ ಕರಾವಳಿಯಲ್ಲಿ ಬಹಳ ಉಂಟು. ಕಿತ್ತರೆ ನೀರು ತಡೆಯಿಲ್ಲದೆ ಹರಿದು ಇಂಜಿನ್ ತಣ್ಣಗೇ ಇರ್ತದೆ, ಬ್ಲಾಕಿನೊಳಗೆ ಒತ್ತಡ ನಿಲ್ಲದೆ ಧಾರೆಯೂ ಸಣ್ಣ ಆಗಬಹುದು. ನಿಮ್ಮ ಎರಡು ದೂರಿಗೂ ಒಂದೇ ಕಾರಣ ಇರುವ ಸಾಧ್ಯತೆ ಹೆಚ್ಚು.

ಬೆಳಿಗ್ಗೆ ಇಪ್ಪತ್ತು ಸಲ ಎಳೆಯುವುದಕ್ಕೂ ಇದೇ ಸಂಬಂಧ. ಸೀಮೆಎಣ್ಣೆಯಲ್ಲಿ ನಿಂತ ಇಂಜಿನಿನ ಬಟ್ಟಲು ತುಂಬ ಸೀಮೆಎಣ್ಣೆಯೇ. ಬಟ್ಟಲಿನ ಅಡಿಯ ತಿರುಪು ಬಿಚ್ಚಿ ಚೆಲ್ಲಿ, ಪೆಟ್ರೋಲ್ ತುಂಬಿಸಿ, ಒಣ ಪ್ಲಗ್ ಹಾಕಿ ಎಳೆಯಿರಿ. ಯಾವಾಗಲೂ ನಿಲ್ಲಿಸುವ ಮೂರ್ನಾಲ್ಕು ನಿಮಿಷ ಮೊದಲು ಪೆಟ್ರೋಲಿಗೆ ತಿರುಗಿಸಿ.

ಕೋಡಿ ದೋಣಿ

ಬಿಚ್ಚಿದೆ. ಖಾಲಿ. ಮುಚ್ಚಳದೊಳಗೆ ಬರೀ ಉಪ್ಪಿನ ಪುಡಿ. ಬಟ್ಟಲು ಚೆಲ್ಲಿದ ಮೇಲೆ ನಾಲ್ಕನೇ ಎಳೆತಕ್ಕೆ ಪೆಟ್ರೋಲಲ್ಲಿ ಸ್ಟಾರ್ಟ್ ಆಯ್ತು. ಹಳೇ ಥರ್ಮೋಸ್ಟಾಟ್ ಒಂದು ಸಿಗ್ತದೆ ಅಂತ ಹೇಳಿದ್ದಾರೆ, ತಗೊಳ್ಳಲಾ?

ಹಳೇ ಫಿಟ್ಟರ್

ಪರೀಕ್ಷೆ ಮಾಡಿ ತಗೊಳ್ಳಿ. ಅದರ ಬಾಯಿ ಒತ್ತಿ ತೆರೆದು ಹೊಲಿಗೆ ದಾರ ಸಿಕ್ಕಿಸಿ ಬಿಡಿ, ದಾರ ಕಚ್ಚಿಕೊಳ್ತದೆ. ದಾರ ಹಿಡಿದು ತಣ್ಣೀರಿನ ಪಾತ್ರೆಯಲ್ಲಿ ಇಳಿಬಿಡಿ, ತಳ ಮುಟ್ಟಬಾರದು. ಪಕ್ಕದಲ್ಲಿ ಥರ್ಮಾಮೀಟರ್, ಅಡಿಗೆ ಸಣ್ಣ ಉರಿ. ಬಾಯಿ ತೆರೆದ ಕ್ಷಣ ದಾರ ಬಿಟ್ಟು ಅದು ಟಣ್ ಅಂತ ಕೆಳಗೆ ಬೀಳ್ತದೆ. ಈ ಇಂಜಿನುಗಳಲ್ಲಿ ಅದು 50 ಡಿಗ್ರಿಯ ಆಸುಪಾಸು ಆಗಬೇಕು. ನೀರು ಕುದಿಯುವ ತನಕ ಬೀಳದಿದ್ದರೆ ಅದನ್ನು ಹಾಕಲೇಬೇಡಿ, ಇಂಜಿನ್ ಸುಡ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ಮುಚ್ಚಳದ ಬೋಲ್ಟುಗಳನ್ನು ಸಮ ಸಮ ಬಿಗಿಯಿರಿ.

ಸೀಮೆಎಣ್ಣೆ ಪರೀಕ್ಷೆ ಡ್ರಮ್ಮಿನಲ್ಲಿ ಮಾಡಬೇಡಿ. ಲೋಡ್ ಇಲ್ಲದೆ ಐಡಲಿನಲ್ಲಿ ಯಾವ ಸೀಮೆಎಣ್ಣೆ ಇಂಜಿನೂ ಪ್ಲಗ್ ಒದ್ದೆ ಮಾಡ್ತದೆ. ದೋಣಿಗೆ ಕಟ್ಟಿ, ಪೆಟ್ರೋಲಲ್ಲಿ ಐದು ನಿಮಿಷ ಅರ್ಧ ಥ್ರಾಟಲಿನಲ್ಲಿ ಓಡಿಸಿ, ಓಡ್ತಾ ಇರುವಾಗಲೇ ಕಾಕ್ ತಿರುಗಿಸಿ. ಥರ್ಮೋಸ್ಟಾಟ್ ಹಾಕಿದ ಮೇಲೂ ಧಾರೆ ಸಣ್ಣ ಇದ್ದರೆ ಆಗ ಇಂಪೆಲ್ಲರ್.

ಗಂಗೊಳ್ಳಿ ಅಳಿವೆ

ಥರ್ಮೋಸ್ಟಾಟ್ ಹಾಕಿದ ಮೇಲೆ ಇಂಪೆಲ್ಲರ್ ಹಳೆಯದೇ ಇಟ್ಟರೆ ಅಪಾಯ ಇಮ್ಮಡಿ. ಹೇಗೂ ಬಿಚ್ಚುವವರು ಗೇರ್ ಆಯಿಲ್ಲೂ ನೋಡಿ: ಹಾಲಿನ ಬಣ್ಣ ಇದ್ದರೆ ಸೀಲ್ ಹೋಗಿದೆ. ತುಂಬಿಸುವುದು ಕೆಳಗಿನ ತೂತಿನಿಂದ, ಮೇಲಿನದ್ದರಲ್ಲಿ ಉಕ್ಕುವವರೆಗೆ. ಮುಚ್ಚುವಾಗ ಮೇಲಿನ ತಿರುಪು ಮೊದಲು.

ಮಲ್ಪೆ ಬಂದರು

ತಿರುಪಿನ ವಾಷರ್ ಎರಡೂ ಹೊಸತು ಹಾಕಿ. ಮತ್ತೆ ಎಣ್ಣೆ ವಿಷಯಕ್ಕೆ ಉತ್ತರ ಬಂದಿಲ್ಲ.