ಬಿ ಸೈಡ್ ಕೊನೆಗೆ ಹಾಡು ಓಡುತ್ತದೆ, ದನಿಯೂ ಮಂಕು: 2003ರ ಕಾನ್ಸರ್ಟ್ ಕ್ಯಾಸೆಟ್‌ಗೆ ಸಹಾಯ ಬೇಕು

ಕಾಕಾನ ಕ್ಯಾಸೆಟ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. 2003ರ ಏಪ್ರಿಲ್ 4ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ರಾಕ್ ಬ್ಯಾಂಡ್ ನುಡಿಸಿದ್ದು ನಿಮಗೆ ನೆನಪಿರಬಹುದು. ನಮ್ಮ ಕಾಕಾ ಮತ್ತು ಅವರ ಮೂವರು ಗೆಳೆಯರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದರು. ಕಾಕಾ ಅಂಗಿ ಜೇಬಿನಲ್ಲಿ ಒಂದು ಪುಟ್ಟ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದರು. ಎರಡು ಪೆನ್ಸಿಲ್ ಸೆಲ್‌ನದು, ಅದರಲ್ಲೇ ಮೈಕ್. ಎರಡು ಕ್ಯಾಸೆಟ್ ತುಂಬಿಸಿಕೊಂಡು ಬಂದರು. ಮೊದಲನೆಯದು ಸಿ-90. ಲೇಬಲ್ ಮೇಲೆ ಈಗಲೂ 'ಗುಲ್ಬರ್ಗಾ' ಅಂತಲೇ ಇದೆ.

ಒಂದು ಹಳೇ ಸ್ಟೀರಿಯೋ ಡೆಕ್ ಸಿಕ್ಕಿತು. ಅದರಿಂದ ಲ್ಯಾಪ್‌ಟಾಪ್‌ಗೆ ಇಳಿಸಿದೆ. ಎರಡು ತೊಂದರೆ ಇವೆ. ಒಂದು, ಇಡೀ ಕ್ಯಾಸೆಟ್ ಕಂಬಳಿ ಹೊದ್ದು ಹಾಡಿದ ಹಾಗಿದೆ. ಇನ್ನೊಂದು, ಬಿ ಸೈಡ್ ಶುರುವಿನಲ್ಲಿ ಸರಿ ಇದ್ದ ಹಾಡು ಕೊನೆಗೆ ಬರುತ್ತ ಓಡತೊಡಗುತ್ತದೆ. ಮಿಕ್ ಜ್ಯಾಗರ್ ದನಿ ಸಣ್ಣ ಹುಡುಗನದಾಗುತ್ತದೆ. ಡೆಕ್ ಕೆಟ್ಟಿದೆಯಾ? ಸದ್ದು ತಿದ್ದುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ. ಈಗ ನೀರೊಳಗಿಂದ ಕೇಳಿದ ಹಾಗಾಗಿದೆ. ಊರಿನ ರಿಪೇರಿ ಅಂಗಡಿಯೊಂದರಲ್ಲಿ 'ಇದು ಹೋಯ್ತು, ಬಿಸಾಕಿ' ಅಂದರು. ಬಿಸಾಕಲು ಮನಸ್ಸಿಲ್ಲ. ಆ ನಾಲ್ವರೂ ಇನ್ನೂ ಇದ್ದಾರೆ. ಎಲ್ಲರೂ ಕೂತು ಒಮ್ಮೆ ಕೇಳಬೇಕು ಅನ್ನುತ್ತಿದ್ದಾರೆ.

ಹಳೇ ಡೆಕ್ (ಬೀದರ್)

ಬಿಸಾಕಬೇಡಿ ತಮ್ಮಾ. ನೀವು ಹೇಳಿದ್ದರಲ್ಲಿ ಯಾವುದೂ ಟೇಪ್ ಸತ್ತ ಲಕ್ಷಣ ಅಲ್ಲ.

ಮೊದಲು ನಾಯ್ಸ್ ರಿಡಕ್ಷನ್ ಮಾಡಿದ ಫೈಲ್ ಪಕ್ಕಕ್ಕಿಡಿ. ಅದರ ಮೇಲೆ ಇನ್ನೇನು ಮಾಡಿದರೂ ಪ್ರಯೋಜನ ಇಲ್ಲ. ಜನರ ಚಪ್ಪಾಳೆ, ಸಿಂಬಲ್, ಟೇಪಿನ ಹಿಸ್ (ಸುಸ್ ಅನ್ನುವ ಸದ್ದು) ಎಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂತಿರುತ್ತವೆ. ಹಿಸ್ ತೆಗೆಯಲು ಹೋದರೆ ಚಪ್ಪಾಳೆಯೂ ಹೋಗುತ್ತದೆ. ಅಲ್ಲಿ ನಿಂತ ಜನರ ಸದ್ದೇ ಇಂಥ ರೆಕಾರ್ಡಿಂಗ್‌ನ ಜೀವ.

ಮಂಕಿನ ವಿಷಯಕ್ಕೆ ಬರೋಣ. ಡೆಕ್‌ನಲ್ಲಿ ಹಿಸ್ ತಗ್ಗಿಸುವ ಡಾಲ್ಬಿ ಗುಂಡಿ ಆನ್ ಇದೆಯಾ ನೋಡಿ. ಜೇಬಿನ ರೆಕಾರ್ಡರ್‌ನಲ್ಲಿ ಡಾಲ್ಬಿ ಇರುವುದಿಲ್ಲ. ಡಾಲ್ಬಿ ಇಲ್ಲದೆ ತುಂಬಿಸಿದ ಟೇಪನ್ನು ಡಾಲ್ಬಿ ಹಾಕಿ ಕೇಳಿದರೆ ಮೇಲಿನ ಸ್ವರಗಳು ಸುಮ್ನೆ ಕತ್ತರಿಸಿ ಹೋಗುತ್ತವೆ. ಆಮೇಲೆ ಹೆಡ್, ಅಂದರೆ ಟೇಪನ್ನು ಓದುವ ಭಾಗ. ಹತ್ತಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ಕ್ಯಾಸೆಟ್ ಬಾಯಿಯ ನಡುವೆ ಸ್ಪ್ರಿಂಗ್ ಮೇಲೆ ಒಂದು ಚಿಕ್ಕ ಫೆಲ್ಟ್ ತುಂಡು ಇರುತ್ತದೆ. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅದೇ. ನಮ್ಮ ಕಡೆಯ ಬೇಸಿಗೆಗೆ ಅದರ ಅಂಟು ಬಿಟ್ಟುಹೋಗುವುದು ಜಾಸ್ತಿ. ಬಿದ್ದಿದ್ದರೆ ಬೇರೆ ಕ್ಯಾಸೆಟ್‌ನದು ತೆಗೆದು ಹಾಕಿ.

ಇಷ್ಟಾದರೂ ಮಂಕು ಉಳಿದರೆ ಅಜಿಮತ್, ಅಂದರೆ ಟೇಪಿಗೆ ಹೆಡ್ ನಿಂತ ಕೋನ. ನಾನು ಉರುಸಿನ ಕವ್ವಾಲಿ, ಮಠದ ಭಜನೆ ಕ್ಯಾಸೆಟ್ ಮಾಡಿದ್ದೇ ಹೆಚ್ಚು. ಅಲ್ಲೂ ನೂರಕ್ಕೆ ನೂರು ಇದೇ ಕತೆ. ಹೆಡ್‌ನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿರಬೇಕು. ಕಾಕಾನ ರೆಕಾರ್ಡರ್‌ನಲ್ಲಿ ಅದು ಕೂದಲೆಳೆಯಷ್ಟು ವಾಲಿತ್ತು ಅನ್ನಿ. ನಿಮ್ಮ ಡೆಕ್ ಎಷ್ಟೇ ಸರಿ ಇದ್ದರೂ ಆ ಟೇಪಿಗೆ ಅದು ತಪ್ಪೇ. ನಿಮ್ಮ ಹೆಡ್ ಕೂಡ ಅಷ್ಟೇ ವಾಲಬೇಕು.

ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸ್ಕ್ರೂ ಕಾಣುತ್ತದೆ. ಈಗ ಎಲ್ಲಿದೆ ಅಂತ ಮೊದಲು ಗುರುತು ಮಾಡಿ, ಫೋಟೋ ತೆಗೆದುಕೊಳ್ಳಿ. ಆಂಪ್ಲಿಫೈಯರ್‌ನಲ್ಲಿ ಮೋನೋ ಗುಂಡಿ ಒತ್ತಿ. ಎಡ ಬಲ ಕೂಡಿದಾಗ ತಪ್ಪು ಚೆನ್ನಾಗಿ ಕಿವಿಗೆ ಬೀಳುತ್ತದೆ. ಟೇಪ್ ಓಡುತ್ತಿರುವಾಗಲೇ ಸ್ಕ್ರೂ ಸ್ವಲ್ಪ ಸ್ವಲ್ಪ ತಿರುಗಿಸಿ. ಕಾಲು ಸುತ್ತು ಸಹ ಬೇಕಾಗುವುದಿಲ್ಲ. ಚಪ್ಪಾಳೆ ಒಂದು ಕಡೆ ಫಕ್ಕನೆ ತೆರೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ. ಖಾತ್ರಿ ಬೇಕಿದ್ದರೆ ಅರ್ಧ ನಿಮಿಷ ಇಳಿಸಿಕೊಂಡು, ಆಡಾಸಿಟಿಯಲ್ಲಿ ಒಂದು ಚಾನೆಲ್ ಇನ್ವರ್ಟ್ (ತಲೆಕೆಳಗು) ಮಾಡಿ, ಎರಡನ್ನೂ ಕೂಡಿಸಿ. ರೆಕಾರ್ಡಿಂಗ್ ಮೋನೋ ಆದ್ದರಿಂದ ಎರಡೂ ಒಂದನ್ನೊಂದು ಅಳಿಸಬೇಕು. ಉಳಿದ ಸದ್ದು ಕಡಿಮೆಯಾದಷ್ಟೂ ಸ್ಕ್ರೂ ಸರಿಯಾದ ಜಾಗದಲ್ಲಿದೆ.

ಇಷ್ಟು ಮಾಡಿ ಬನ್ನಿ. ಸ್ಪೀಡ್ ಆಮೇಲೆ.

ಕಾಕಾನ ಕ್ಯಾಸೆಟ್

ಅಣ್ಣಾ, ಡಾಲ್ಬಿ ಆನ್ ಇತ್ತು! ಫೆಲ್ಟ್ ಸರಿ ಇದೆ. ಸ್ಕ್ರೂ ಮುಟ್ಟಲು ಕೈ ನಡುಗಿತು, ಆದರೂ ಮಾಡಿದೆ. ನೀವು ಹೇಳಿದ ಹಾಗೇ ಆಯಿತು. ಚಾರ್ಲಿ ವಾಟ್ಸ್ ಸಿಂಬಲ್ ಈಗ ಸಿಂಬಲ್ ಥರ ಕೇಳುತ್ತಿದೆ. ಆದರೆ ಡ್ರಮ್ ಜೋರಾದಾಗೆಲ್ಲ ಹಾಡು ಒಳಗೆ ಸರಿದು ಮತ್ತೆ ಬರುತ್ತದೆ. ಬಿ ಸೈಡ್ ಈಗಲೂ ಓಡುತ್ತಿದೆ.

ಹಳೇ ಡೆಕ್ (ಬೀದರ್)

ಒಳಗೆ ಸರಿಯುವುದು ಆ ರೆಕಾರ್ಡರ್‌ನ ಆಟೋಮ್ಯಾಟಿಕ್ ಲೆವೆಲ್. ಸದ್ದು ಜಾಸ್ತಿಯಾದರೆ ತಾನೇ ತಗ್ಗಿಸುತ್ತದೆ. ಅದು ಟೇಪಿನಲ್ಲೇ ಕೂತುಬಿಟ್ಟಿದೆ. ಹಾಗೇ ಬಿಡಿ.

ಸ್ಪೀಡ್‌ಗೆ ಡೆಕ್ ಕಾರಣ ಅಲ್ಲ. ಡೆಕ್ ತಪ್ಪಾಗಿದ್ದರೆ ಎ ಸೈಡೂ ಓಡಬೇಕಿತ್ತು, ಅಲ್ವಾ? ಇದು ಸೆಲ್. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಸೆಲ್ ಇಳಿದಂತೆ ಕಾಕಾನ ಮೋಟರ್ ನಿಧಾನವಾಯಿತು. ನಿಧಾನವಾಗಿ ತುಂಬಿದ್ದನ್ನು ನಿಮ್ಮ ಡೆಕ್ ಸರಿಯಾದ ವೇಗದಲ್ಲಿ ಓಡಿಸುತ್ತದೆ. ಅದಕ್ಕೇ ಸ್ವರ ಏರುತ್ತದೆ.

ಸರಿಪಡಿಸಲು ಶ್ರುತಿ ಹಿಡಿಯಿರಿ. ಆ ಪ್ರವಾಸದಲ್ಲಿ ಕೀಬೋರ್ಡ್‌ಗೆ ಚಕ್ ಲೆವೆಲ್ ಇದ್ದರು. ಗಿಟಾರ್ ತಂತಿ ಸಡಿಲಬಹುದು, ಕೀಬೋರ್ಡ್ ಸಡಿಲುವುದಿಲ್ಲ. ಪಿಯಾನೋ ಚೆನ್ನಾಗಿ ಕೇಳುವ ಜಾಗ ಹುಡುಕಿ, ಎ ಸ್ವರ 440 ಹರ್ಟ್ಜ್ ಅಂತ ಇಟ್ಟುಕೊಂಡು ಮೊಬೈಲ್ ಟ್ಯೂನರ್‌ನಲ್ಲಿ ನೋಡಿ. ಮನೆಯ ಹಾರ್ಮೋನಿಯಂ ನಂಬಬೇಡಿ, ಅದರ ಶ್ರುತಿಯೇ ಸರಿದಿರಬಹುದು. ಅರ್ಧ ಸ್ವರ ಏರಿದೆ ಅಂದರೆ ಸುಮಾರು 6 ಶೇಕಡಾ ವೇಗ ಹೆಚ್ಚು ಅಂತ ಲೆಕ್ಕ.

ಆಮೇಲೆ ಆಡಾಸಿಟಿಯಲ್ಲಿ ಟೈಮ್ ಟ್ರ್ಯಾಕ್, ಅಂದರೆ ವೇಗದ ಗೆರೆ ಸೇರಿಸಿ. ಅದು ವೇಗ, ಸ್ವರ ಎರಡನ್ನೂ ಒಟ್ಟಿಗೇ ಇಳಿಸುತ್ತದೆ. ನಮಗೆ ಬೇಕಾದದ್ದು ಅದೇ. ಬರೀ ಪಿಚ್ ಬದಲಿಸುವ ಎಫೆಕ್ಟ್ ಮುಟ್ಟಬೇಡಿ. ಪ್ರತಿ ಹಾಡಿಗೂ ಒಂದು ಬಿಂದು ಇಡಿ. ಶುರುವಿನಿಂದ ಕೊನೆಗೆ ನೇರ ಗೆರೆ ಎಳೆದರೆ ಸಾಲದು, ಸೆಲ್ ಕೊನೇ ಕಾಲಕ್ಕೆ ಬೇಗ ಇಳಿಯುತ್ತದೆ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. 9 ಶೇಕಡಾ ಹೆಚ್ಚಿದ್ದರೆ ವೇಗ 91 ಶೇಕಡಾ ಅಂತ ಹಾಕುತ್ತಾರೆ. 100ನ್ನು 1.09ರಿಂದ ಭಾಗಿಸಿ, 91.7 ಬರುತ್ತದೆ. ಆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಇಳಿಸುವಾಗ 24 ಬಿಟ್, 48 ಕಿಲೋಹರ್ಟ್ಜ್ ಇಡಿ. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಬೇಡ, ಲೈನ್ ಇನ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಸಿಕ್ಕರೆ ಒಳ್ಳೆಯದು. 90 ನಿಮಿಷಕ್ಕೆ ಒಂದೂವರೆ ಜಿಬಿ ಆಗುತ್ತದೆ. ಆ ಮೂಲ ಫೈಲ್ ಎಂದೂ ಅಳಿಸಬೇಡಿ.

ಲಿನಿಯೇಜ್ ಬರೆಯುವವನು (ಯಾದಗಿರಿ)

ಹಂಚುವ ಮಾತು ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಂಪಿ3 ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಮುಂದೆ ಅದೇ ಊರೆಲ್ಲ ಸುತ್ತುತ್ತದೆ, ಮೂಲ ಮರೆತು ಹೋಗುತ್ತದೆ. ಫ್ಲ್ಯಾಕ್ ಮಾಡಿ. ಸೈಜ್ ಕಡಿಮೆಯಾಗುತ್ತದೆ, ಸದ್ದಿನಲ್ಲಿ ಏನೂ ಕಳೆಯುವುದಿಲ್ಲ. ಜೊತೆಗೆ ಒಂದು ಟೆಕ್ಸ್ಟ್ ಫೈಲ್ ಇಡಿ. ಯಾವ ರೆಕಾರ್ಡರ್, ಎಂಥ ಕ್ಯಾಸೆಟ್, ಯಾವ ಡೆಕ್, ಎಲ್ಲೆಲ್ಲಿ ಎಷ್ಟು ಸ್ಪೀಡ್ ಬದಲಿಸಿದಿರಿ ಅಂತ ಬರೆಯಿರಿ. ಟೇಪಿನ ವಂಶಾವಳಿ ಅದು.

ಎಲ್ಲ ಬ್ಯಾಂಡೂ ಒಂದೇ ಅಲ್ಲ. ಗ್ರೇಟ್‌ಫುಲ್ ಡೆಡ್ 1984ರಲ್ಲಿ ರೆಕಾರ್ಡ್ ಮಾಡುವವರಿಗೆಂದೇ ಬೇರೆ ಜಾಗ ಕೊಟ್ಟಿತ್ತು. ಇಂಟರ್ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ಸಂಗ್ರಹವೂ ಒಪ್ಪಿಗೆ ಕೊಟ್ಟ ಬ್ಯಾಂಡ್‌ಗಳದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಲಾವಿದರ ಹಕ್ಕು 50 ವರ್ಷ. 2003ರ ಕಾರ್ಯಕ್ರಮ ಅಂದರೆ 2053 ಮುಗಿಯುವ ತನಕ. ಸ್ವಂತಕ್ಕೆ ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ. ಎಲ್ಲರಿಗೂ ಹಾಕುವುದು ಬೇರೆ ಮಾತು. ನಾಲ್ವರು ಕೂತು ಕೇಳಿ. ಇಂಟರ್ನೆಟ್‌ಗೆ ಹಾಕಬೇಡಿ. ದುಡ್ಡಿಗಂತೂ ಯಾರಿಗೂ ಕೊಡಬೇಡಿ.

ಕಾಕಾನ ಕ್ಯಾಸೆಟ್

ಮೂರು ರಾತ್ರಿ ಕೂತು ಮುಗಿಸಿದೆ. ಬಿ ಸೈಡ್ ಕೊನೆಗೆ ಒಂದೂವರೆ ಅರ್ಧಸ್ವರ ಏರಿತ್ತು, ಅಂದರೆ ಅಣ್ಣ ಹೇಳಿದ ಅದೇ 9 ಶೇಕಡಾ. ಹನ್ನೊಂದು ಬಿಂದು ಇಟ್ಟೆ. ಈಗ ಸ್ವರ ನೆಟ್ಟಗೆ ನಿಂತಿದೆ.

ಕೊನೇ ಹಾಡಿಗೆ ಮುಂಚೆ ಯಾರೋ ಮಾತಾಡುವುದು ಮೊದಲೂ ಕೇಳುತ್ತಿತ್ತು, ಏನೆಂದು ತಿಳಿದಿರಲಿಲ್ಲ. ನಾಯ್ಸ್ ರಿಡಕ್ಷನ್ ಫೈಲಿನಲ್ಲಿ ಅದು ಪೂರ್ತಿ ಹೋಗಿತ್ತು. ಸ್ಪೀಡ್ ಸರಿ ಮಾಡಿದ ಮೇಲೆ ಸ್ಪಷ್ಟವಾಯಿತು. ಅದು ಕಾಕಾನ ದನಿ. 'ಸೆಲ್ ಮುಗದಂಗ ಕಾಣ್ತದ, ನಿನ್ನ ಬಲ್ಲಿ ಅವ ಏನೋ?' ಅಂತ ಗೆಳೆಯನನ್ನು ಕೇಳುತ್ತಿದ್ದಾರೆ. ಕಾಕಾನನ್ನೇ ಕೂರಿಸಿ ಹಾಕಿ ತೋರಿಸಿದೆ. ಕಾಕಾ ಹೆಡ್‌ಫೋನ್ ತೆಗೆಯದೆ ಮೂರು ಸಲ ಅದನ್ನೇ ಹಾಕಿಸಿಕೊಂಡರು.

ನಾಳೆ ಎರಡನೇ ಕ್ಯಾಸೆಟ್ ಶುರು ಮಾಡುತ್ತೇನೆ. ಅದೇ ರೆಕಾರ್ಡರ್‌ನದು, ಹಾಗಾಗಿ ಸ್ಕ್ರೂ ಮತ್ತೆ ಮುಟ್ಟಬೇಕಿಲ್ಲ ಅಲ್ವಾ?

ಹಳೇ ಡೆಕ್ (ಬೀದರ್)

ಮುಟ್ಟಬೇಕಾಗಬಹುದು. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಡಬ್ಬಿಯೇ ಸ್ವಲ್ಪ ಬೇರೆ ಇರುತ್ತದೆ, ಎ ಸೈಡ್‌ಗೂ ಬಿ ಸೈಡ್‌ಗೂ ಬೇರೆ ಬರುವುದುಂಟು. ಪ್ರತಿ ಸೈಡ್ ಶುರುವಿಗೆ ಅರ್ಧ ನಿಮಿಷ ಚಪ್ಪಾಳೆ ಕೇಳಿ ನೋಡಿ. ಇಷ್ಟು ವರ್ಷ ಅಲುಗದೆ ಕೂತ ಟೇಪು, ಪ್ಲೇ ಒತ್ತುವ ಮುಂಚೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿಕೊಳ್ಳಿ. ಕಾಕಾಗೆ ನನ್ನ ನಮಸ್ಕಾರ ಹೇಳಿ.